ಕಾಶವ್ವನ ದನಿಯಿಲ್ಲದ ಆಟ

ಸಹನಾ ಈ ವರ್ಷ ಬಾಗಲಕೋಟೆಯಲ್ಲಿ ಗೆಳತಿಯರ ಜೊತೆ ಸೇರಿ ಬೀದಿಯಲ್ಲಿ ಆಟ ಕಟ್ಟತೊಡಗಿದ್ದಾಳೆ. ಅವಳ ತಮ್ಮ ವೀರೇಶ ಹಲಗೆ ಬಾರಿಸುತ್ತಾನಂತೆ. ಹೋದ ತಿಂಗಳು ಇಬ್ಬರೂ ಮನೆಗೆ ಬಂದಾಗ, "ಅಜ್ಜಿ, ನೀನೂ ಆಟ ಆಡ್ತಿದ್ದೆಂತ ಅಪ್ಪ ಹೇಳಿದ. ಹೆಂಗ ಆಡ್ತಿದ್ರಿ, ಎಲ್ಲಿ ಆಡ್ತಿದ್ರಿ, ಹೇಳು" ಎಂದು ಗಂಟುಬಿದ್ದರು. ಎದುರು ಕುಳಿತವರಿಗೆ ಹೇಳುವುದು ನನ್ನಿಂದ ಆಗದ ಕೆಲಸ. ಇಬ್ಬರು ಮೂವರು ಒಟ್ಟಿಗೆ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಕಮತಗಿಯ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಈ ಕೆಲಸಕ್ಕೆ ಇಳಿದಿದ್ದೀರಿ. ಯಾರು ಹೊಗಳಿದರು, ಯಾರು ಶಾಲು ಹೊದಿಸಿದರು ಎಂಬುದನ್ನು ನಾನು ಬರೆಯುವುದಿಲ್ಲ. ಅಂಥದ್ದು ನಡೆದದ್ದೂ ಕಡಿಮೆ. ಕೆಲಸ ಹೇಗಿತ್ತು, ನಮಗೆ ಕಲಿಸಿದವಳು ಎಂಥವಳು, ಎಲ್ಲಿ ಎಡವಿದೆವು, ಇಷ್ಟೇ ನಿಮಗೆ ಬೇಕಾದದ್ದು.

ಆಗ ಇಳಕಲ್ಲು ಇನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ನಾನು ಅಲ್ಲಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದೆ. ನಿಮ್ಮ ಅಜ್ಜ ನೆಲದ ಕುಣಿಗೆ ಇಳಿದು ಕೂತು ನೇಯುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಾತು ಕಡಿಮೆ, ನಗು ಜಾಸ್ತಿ. ನಿಮ್ಮ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗ ಎದೆಬೇನೆ ಬಂದು ಹೋಗಿಬಿಟ್ಟರು. ಮನೆಯಲ್ಲಿ ಉಳಿದವರು ನನ್ನ ಅತ್ತೆ ಬಸಲಿಂಗವ್ವ, ಮದುವೆಯಾಗದ ಮೈದುನ ಶಿವಪ್ಪ, ನಾನು, ಮಗು. ಮಗ್ಗ ಶಿವಪ್ಪನ ಕೈಗೆ ಬಂತು. ಅವನ ಮಗ್ಗಕ್ಕೆ ಕಂಡಿಕೆ ಸುತ್ತುವುದು ನನ್ನ ಮತ್ತು ಅತ್ತೆಯ ಕೆಲಸ. ರಾಟೆ ತಿರುಗಿಸಿ ಸಣ್ಣ ಕೊಳವೆಗೆ ನೂಲು ಸುತ್ತಿಕೊಡಬೇಕು, ಅದು ಲಾಳಿಯೊಳಗೆ ಕೂತು ಮಗ್ಗದಲ್ಲಿ ಆ ಕಡೆ ಈ ಕಡೆ ಓಡುತ್ತದೆ. ನೇಯುವವರು ಗಂಡಸರು, ಸುತ್ತುವವರು ಹೆಂಗಸರು. ಓಣಿಯ ಎಲ್ಲ ಮನೆಗಳಲ್ಲೂ ಹೀಗೆಯೇ.

ಗಂಡ ಸತ್ತವಳು ಹಬ್ಬದ ಮುಂದೆ ಬರಬಾರದು, ಮದುವೆಯ ಮೆರವಣಿಗೆ ಹೊರಟರೆ ಬಾಗಿಲ ಹಿಂದೆ ನಿಲ್ಲಬೇಕು. ಗಂಡ ಇದ್ದವರಿಗೂ ದೊಡ್ಡ ಸ್ವಾತಂತ್ರ್ಯವೇನಿರಲಿಲ್ಲ. ಸೊಸೆಯ ದನಿ ಹಿರಿಯರ ಕಿವಿಗೆ ಬೀಳಬಾರದು. ಹಾಡು ಬರುತ್ತಿದ್ದರೂ ಬೀಸುವಾಗ, ಕುಟ್ಟುವಾಗ, ಒಳಮನೆಯಲ್ಲಿ ಹಾಡಿಕೊಳ್ಳಬೇಕು. ನಾಟಕದಲ್ಲಿ ಪಾರ್ಟು ಮಾಡುವ ಹೆಂಗಸೆಂದರೆ ಅವಳಿಗೆ ನೀರು ಬೇಕೇ ಎಂದು ಕೂಡ ಯಾರೂ ಕೇಳುತ್ತಿರಲಿಲ್ಲ.

ಅಂಥ ಓಣಿಗೆ ಕಾಶವ್ವ ಬಂದಳು, ಒಂದು ತಗಡಿನ ಟ್ರಂಕು ಹಿಡಿದುಕೊಂಡು. ಅನೇಕ ವರ್ಷ ನಾಟಕದ ಕಂಪನಿಯಲ್ಲಿದ್ದು ರಾಣಿಯ ಪಾರ್ಟು ಮಾಡಿದವಳು. ಗಂಟಲಿಗೆ ಏನೋ ಬೇನೆಯಾಗಿ ದನಿ ಹೋಯಿತು. ಪಿಸುಮಾತು ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ಕಂಪನಿಯವರು ಮುಂದಿನ ಊರಿಗೆ ಹೊರಟಾಗ ಅವಳನ್ನು ಇಲ್ಲೇ ಬಿಟ್ಟು ಹೋದರು. ನಮ್ಮ ಓಣಿಯ ಹಿರಿಯ ಚನ್ನಪ್ಪ ತನ್ನ ಮನೆಯ ಪಕ್ಕದ ಒಂದು ಕೋಣೆ ಕೊಟ್ಟ. ಕೊಡುವಾಗ ನಾಲ್ಕು ಮಂದಿಯ ಎದುರು ಹೇಳಿದ:

"ಕಂಡಿಕಿ ಸುತ್ತಕೊಂಡು ಮರ್ಯಾದಿಲೆ ಇರು. ಆಟ-ಗೀಟ ಅಂತ ಸುರು ಮಾಡಿದಿ ಅಂದ್ರ ಆ ದಿನಾನ ಕೋಲಿ ಖಾಲಿ."

ಆ ಕೋಣೆ ಹೋದರೆ ಅವಳಿಗೆ ಈ ಭೂಮಿಯ ಮೇಲೆ ಬೇರೆ ಸೂರು ಇರಲಿಲ್ಲ. ದನಿ ಇಲ್ಲದವಳನ್ನು ಯಾವ ಕಂಪನಿ ಕರೆಯುತ್ತದೆ? ತವರಿನವರು ಅವಳ ಹೆಸರನ್ನು ಎಂದೋ ಬಿಟ್ಟಿದ್ದರು. ಇದನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ನಾವು ಆಡಿದ ಒಂದೊಂದು ಆಟವನ್ನೂ ಅವಳು ಆ ಕೋಣೆಯನ್ನು ಪಣಕ್ಕಿಟ್ಟು ಆಡಿಸಿದಳು.

ನೂಲಿಗಾಗಿ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಒಂದು ದಿನ ಅಡಿಗೆಮನೆಯ ಹೊಸ್ತಿಲ ಹೊರಗೆ ಕುಳಿತು ನಾನು ರೊಟ್ಟಿ ಬಡಿಯುವುದನ್ನೇ ನೋಡುತ್ತಿದ್ದಳು. ನೂಲು ಕೊಟ್ಟು ಬಹಳ ಹೊತ್ತಾಗಿತ್ತು.

"ಏನ್ ನೋಡಾಕತ್ತಿ ಕಾಶಕ್ಕ?" ಎಂದೆ.

"ನಿನ್ನ ಕೈ" ಎಂದು ಪಿಸುಗುಟ್ಟಿದಳು. "ಹಿಟ್ಟಿಲ್ಲದ ಬಡಿ, ನೋಡೂಣು."

"ಹಿಟ್ಟಿಲ್ಲದ ರೊಟ್ಟಿ ಹೆಂಗ ಬಡೀತಾರಬೇ?"

"ಬಡದು ನೋಡು."

ಮನೆಯಲ್ಲಿ ಯಾರೂ ಇರಲಿಲ್ಲವೆಂದು ಬಡಿದೆ. ಬರಿಗೈ ಕಲ್ಲಿನ ಮೇಲೆ ತಟ್ಟಿ ತಿರುಗಿತು, ತಟ್ಟಿ ತಿರುಗಿತು. ಅವಳು ಕೈ ಚಾಚಿ, ನಾನು ಬಡಿದ ಇಲ್ಲದ ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಂಚಿಗೆ ಹಾಕಿದಳು. ಬಿಸಿ ತಗುಲಿ ಬೆರಳು ಹಿಂದಕ್ಕೆಳೆದುಕೊಂಡಳು. ನನಗೆ ನಿಜವಾಗಿಯೂ ರೊಟ್ಟಿ ಕಂಡಿತು. ಅಷ್ಟೇ ಅಲ್ಲ, ಅಂಚು ಹರಿದಿದೆ ಎಂದೂ ಕಂಡಿತು.

"ನನಗ ದನಿ ಇಲ್ಲ, ನಿಮಗ ದನಿ ತಗೀಲಿಕ್ಕೆ ಬಿಡೂದಿಲ್ಲ" ಎಂದಳು. "ಇಬ್ಬರದೂ ಒಂದ ಕತಿ ಆತು. ದನಿ ಇಲ್ಲದ ಆಟ ಕಟ್ಟೂಣು ಬಾ."

ಹೀಗೆ ಶುರುವಾಯಿತು. ಐದು ಮಂದಿ ಇದ್ದೆವು. ಕಾಶವ್ವ, ನಾನು, ಹಿಂದಿನ ಓಣಿಯ ಹುಸೇನಬಿ, ಕಂಡಿಕೆ ಸುತ್ತುವ ಇನ್ನಿಬ್ಬರು. ಹುಸೇನಬಿ ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಇಪ್ಪತ್ತು ವರ್ಷ ದೊಡ್ಡದು. ಮಾತಿಲ್ಲದ ಆಟಕ್ಕೆ ಅವಳನ್ನು ಏಕೆ ಸೇರಿಸಿದೆ ಎಂದು ಕೇಳಿದರೆ ಕಾಶವ್ವ, "ಆಕಿ ಬಾಯಿ ಮುಚ್ಚಿದ್ರ ಮೈಯೆಲ್ಲಾ ಮಾತಾಡತೈತಿ" ಎಂದಳು. ಅದು ಖರೆ.

ಮೊದಲ ಆಟ ನಡೆದದ್ದು ಹುಸೇನಬಿಯ ಮನೆಯ ಅಂಗಳದಲ್ಲಿ, ಮಧ್ಯಾಹ್ನ ಗಂಡಸರು ಮಗ್ಗದಲ್ಲಿದ್ದಾಗ. ನೋಡುವವರೆಲ್ಲ ಹೆಂಗಸರೇ. ಗೋಡೆಯಾಚೆ ಮಗ್ಗಗಳ ಸದ್ದು, ಅದೇ ನಮ್ಮ ತಬಲಾ. ನಾನು ನಡುವೆ ಕುಳಿತು ಬರಿಗೈಯಲ್ಲಿ ರೊಟ್ಟಿ ಬಡಿಯಬೇಕು. ಮಾವ ಬರುತ್ತಾನೆ, ಗಂಡ ಬರುತ್ತಾನೆ, ಮಕ್ಕಳು ಬರುತ್ತಾರೆ. ಯಾರು ಯಾರು ಎಂಬುದು ಕೂರುವ ರೀತಿಯಿಂದಲೇ ತಿಳಿಯಬೇಕು. ಹುಸೇನಬಿ ಮಾವನಾಗಿ ಹೊಟ್ಟೆ ಸವರಿಕೊಂಡು, ಹಲ್ಲು ಕೆದಕುತ್ತ ಕುಳಿತರೆ ಅಂಗಳವೆಲ್ಲ ನಗು. ಎಲ್ಲರೂ ಉಂಡು ಎದ್ದ ಮೇಲೆ ಬುಟ್ಟಿಯಲ್ಲಿ ಒಂದೇ ರೊಟ್ಟಿ. ನಾನು ಅದನ್ನು ಮುರಿಯುವಾಗ ಬಾಗಿಲಲ್ಲಿ ಯಾರೋ ನೆಂಟರು ಬಂದು ನಿಲ್ಲುತ್ತಾರೆ. ನಾನು ಅದನ್ನು ಅವರಿಗೆ ಬಡಿಸಿ, ಬುಟ್ಟಿ ಜಾಡಿಸಿ, ಮತ್ತೆ ಹಿಟ್ಟು ನಾದಲು ಕೂರುತ್ತೇನೆ. ಆಟ ಅಲ್ಲಿಗೆ ಮುಗಿಯಿತು. ಹಿಂದೆ ಕುಳಿತಿದ್ದ ಒಬ್ಬ ಮುದುಕಿ ತನ್ನಷ್ಟಕ್ಕೆ, "ನನಗ ಒಂದು ಖಡಕ ರೊಟ್ಟಿನರ ಉಳೀತಿತ್ತು ಬೇ" ಎಂದಳು.

ಆ ಆಟ ಕಲಿಯುವಾಗ ನಾನು ಕಣ್ಣಲ್ಲಿ ನೀರು ತಂದುಕೊಳ್ಳಲು ನೋಡಿದ್ದೆ. ನಾಟಕವೆಂದರೆ ಅಳುವುದು ಎಂದುಕೊಂಡಿದ್ದೆ. ಕಾಶವ್ವ ಬೆನ್ನಿಗೆ ಒಂದು ಗುದ್ದಿದಳು. "ರೊಟ್ಟಿ ಬಡಿಯುವಾಗ ಯಾರರ ಅಳತಾರೇನು? ಹಂಚು ಕಾದೈತೋ ಇಲ್ಲೋ ನೋಡು. ಅಷ್ಟ ನೋಡು. ಅಳೂದು ಅವರ ಕೆಲಸ."

ಸಹನಾ, ಇದೊಂದನ್ನು ಇಟ್ಟುಕೋ. ಮೊನ್ನೆ ನಿನ್ನ ಆಟದ ವಿಡಿಯೋ ತೋರಿಸಿದೆಯಲ್ಲ, ಅದರಲ್ಲಿ ನೀನು ಬಹಳ ಅಳುತ್ತೀ.

ನನ್ನ ಇನ್ನೊಂದು ಕೊರತೆ, ತಲೆ ಎತ್ತಲು ಆಗುತ್ತಿರಲಿಲ್ಲ. ಮಂದಿ ಕಂಡರೆ ಕತ್ತು ತಾನೇ ಬಗ್ಗುತ್ತಿತ್ತು. ಇದಕ್ಕೆ ಗುದ್ದು ಬೀಳುತ್ತದೆ ಎಂದು ಕಾದಿದ್ದೆ. ಕಾಶವ್ವ ನನ್ನ ಸುತ್ತ ಒಂದು ಸುತ್ತು ಬಂದು, "ಎತ್ತಬ್ಯಾಡ. ಬೇಕಾದವರು ಬಗ್ಗಿ ನೋಡಲಿ" ಎಂದಳು. ಅಂದಿನಿಂದ ನನಗೆ ಸಿಕ್ಕ ಪಾರ್ಟುಗಳೆಲ್ಲ ತಲೆ ಬಗ್ಗಿಸಿದ ಪಾರ್ಟುಗಳು. ಜನ ನಿಜವಾಗಿಯೂ ಬಗ್ಗಿ ನೋಡುತ್ತಿದ್ದರು. ಮುಂದೆ ಎಂಬತ್ತರ ದಶಕದಲ್ಲಿ ಸಾಲೆ ಕಲಿತ ಹುಡುಗಿಯರು ನಮ್ಮ ಜೊತೆ ಸೇರಿದ ಮೇಲೆ ಆಟಕ್ಕೆ ಮಾತೂ ಬಂತು, ಹಾಡೂ ಬಂತು. ನಾನು ಮಾತ್ರ ಕೊನೆಯವರೆಗೂ ಒಂದು ಮಾತಿನ ಪಾರ್ಟನ್ನೂ ಮಾಡಲಿಲ್ಲ. ಅದಕ್ಕೆ ನನಗೆ ನಾಚಿಕೆಯಿಲ್ಲ.

ಎಲ್ಲಿ ಆಡಬೇಕೆಂಬುದಕ್ಕೆ ಕಾಶವ್ವ ಒಂದು ಲೆಕ್ಕ ಹಾಕಿದ್ದಳು. ಹೆಂಗಸರು ಕೆಲಸಕ್ಕೆಂದು ಹೋಗುವ ಜಾಗದಲ್ಲೇ ಆಡಬೇಕು. ಹಿಟ್ಟಿನ ಗಿರಣಿ, ಬಟ್ಟೆ ಒಗೆಯುವ ಮೆಟ್ಟಿಲು, ಸಂತೆ, ಬಸ್‌ಸ್ಟ್ಯಾಂಡು. ಅಲ್ಲಿ ನಿಂತವಳನ್ನು ಏಕೆ ನಿಂತೆ ಎಂದು ಯಾರೂ ಕೇಳುವುದಿಲ್ಲ. ಬನಶಂಕರಿಯ ಜಾತ್ರೆಗೆ ಹೋಗೋಣವೆಂದು ಹುಸೇನಬಿ ಹೇಳಿದರೆ, "ಅಲ್ಲಿ ಕಂಪನಿ ತಂಬು ಇರತಾವ. ತಂಬಿನ ಮುಂದ ನಮಗೇನು ಕೆಲಸ" ಎಂದು ಬಿಟ್ಟಳು. ಇನ್ನೊಂದು ಕಟ್ಟಳೆ, ಮನೆಯಲ್ಲಿ ಸುಳ್ಳು ಹೇಳಿ ಬರಬಾರದು. ಗಿರಣಿಗೆ ಎಂದು ಹೇಳಿದರೆ ಹಿಟ್ಟು ಬೀಸಿಸಿಕೊಂಡೇ ಹೋಗಬೇಕು. ನಾವು ಬೀಸಿಸಿಕೊಂಡೇ ಹೋದೆವು.

ಹುನಗುಂದದ ಬಸ್‌ಸ್ಟ್ಯಾಂಡಿನ ಆಟ ಹೀಗಿತ್ತು. ಐವರೂ ಗಂಟು ಹಿಡಿದು ಸಾಲಾಗಿ ಕೂರುವುದು. ಬಸ್ಸು ಬಂದಾಗಲೆಲ್ಲ ಏಳುವುದು, ಹತ್ತಲು ಮುಂದಾಗುವುದು, ಯಾರನ್ನೋ ಕೇಳಬೇಕು ಎಂಬಂತೆ ಹಿಂದೆ ತಿರುಗುವುದು, ಹೇಳುವವರು ಯಾರೂ ಇಲ್ಲದೆ ಮತ್ತೆ ಕೂರುವುದು. ಎರಡು ಬಸ್ಸು ಹೋಗುವಷ್ಟರಲ್ಲಿ ಜನ ಗಮನಿಸತೊಡಗಿದರು. ಮೂರನೆಯ ಬಸ್ಸಿನ ಕಂಡಕ್ಟರು ಒಳ್ಳೆಯ ಮನುಷ್ಯ.

"ಎಲ್ಲಿಗಬೇ ಎವ್ವಾ? ಹತ್ತತೀರೋ ಇಲ್ಲೋ?"

ನಾವು ಹಿಂದೆ ತಿರುಗಿ ನೋಡಿದೆವು.

"ಯಾರ ದಾರಿ ನೋಡಾಕತ್ತೀರಿ? ಗಂಟು ಕೊಡ್ರಿ ಇಲ್ಲೆ" ಎಂದು ಹುಸೇನಬಿಯ ಕೈಯಿಂದ ಗಂಟು ಕಿತ್ತುಕೊಂಡು ಬಸ್ಸಿನ ಮೇಲೆ ಹಾಕಿಸಿದ. ನಾವು ಆಟದ ಪ್ರಕಾರ ಮತ್ತೆ ಕುಳಿತೆವು. ಬಸ್ಸು ರಾಮಥಾಳದ ಕಡೆಗೆ ಹೊರಟುಹೋಯಿತು. ಆ ಗಂಟಿನಲ್ಲಿ ನಮ್ಮೆಲ್ಲರ ಮಧ್ಯಾಹ್ನದ ಬುತ್ತಿ ಇತ್ತು.

"ಲೇ ಕಂಡಕ್ಟರ್ಯಾ, ನನ್ನ ಗಂಟು" ಎಂದು ಹುಸೇನಬಿ ಓಡಿದ ಓಟಕ್ಕೆ ಇಡೀ ಬಸ್‌ಸ್ಟ್ಯಾಂಡು ನಕ್ಕಿತು. ದನಿಯಿಲ್ಲದ ಆಟದಲ್ಲಿ ಬಂದ ಮೊದಲ ಮಾತು ಅದೇ. ಕಾಶವ್ವ ಬೈಯುತ್ತಾಳೆ ಎಂದುಕೊಂಡರೆ ಅವಳು ದನಿಯಿಲ್ಲದೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹೆಂಗಸು ತನ್ನ ಬುತ್ತಿ ಬಿಚ್ಚಿ ನಮಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತಿನ್ನುವಾಗ ಅವಳು ಕೇಳಿದಳು, "ನಾನೂ ತವರಮನಿಗೆ ಹೋಗಬೇಕಂತ ಬಂದು ಎರಡು ಬಸ್ಸು ಬಿಟ್ಟೇನಿ. ನಿಮಗ ಹೆಂಗ ಗೊತ್ತಾತು?" ಆಮೇಲೆ ನಾವು ಗಂಟಿನಲ್ಲಿ ಜೋಳದ ಒಣದಂಟಿನ ಕಣಿಕೆ ತುಂಬತೊಡಗಿದೆವು. ಬುತ್ತಿ ಬೇರೆ ಇಟ್ಟುಕೊಳ್ಳುತ್ತಿದ್ದೆವು.

ಬಾಗಲಕೋಟೆಯ ಹಳೆಯ ಊರಿನ ಒಂದು ಗಿರಣಿಯಲ್ಲಿ ಆಡಿದಾಗ ಗಿರಣಿಯವನು ನೋಡುತ್ತ ನೋಡುತ್ತ ಯಂತ್ರ ನಿಲ್ಲಿಸಿಬಿಟ್ಟ. ಹಿಟ್ಟಿಗೆ ಕಾದಿದ್ದವರು ನಮ್ಮನ್ನೂ ಅವನನ್ನೂ ಸೇರಿಸಿ ಬೈದರು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿದೆ.

ಇನ್ನು ಬಾದಾಮಿಯ ಆಟ. ಬನಶಂಕರಿಗೆ ಹೋಗಿ ಬರುತ್ತೇವೆಂದು ಅತ್ತೆಗೆ ಹೇಳಿ ಹೊರಟೆವು. ಹುಸೇನಬಿಗೆ ಬಾದಾಮಿಯಲ್ಲಿ ಅಕ್ಕನ ಮನೆ. ದೇವರ ದರ್ಶನ ಮಾಡಿ, ಅಕ್ಕನ ಮನೆಯ ಚಹಾ ಕುಡಿದು, ಗುಡ್ಡದ ಕೆಳಗಿನ ಕೆರೆಯ ಮೆಟ್ಟಿಲಿಗೆ ಬಂದೆವು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರು ಯಾವಾಗಲೂ ಇರುತ್ತಾರೆ. ಅವರ ನಡುವೆ ಕುಳಿತು ನಾವೂ ಒಗೆಯತೊಡಗಿದೆವು. ಉಳಿದ ನಾಲ್ವರು ಒಗೆದು ಒಗೆದು ಸೀರೆಗಳನ್ನು ಮೆಟ್ಟಿಲ ಮೇಲೆ ಹರವುತ್ತಾರೆ. ನಾನು ಒಂದೇ ಸೀರೆಯನ್ನು ಒಗೆಯುತ್ತೇನೆ, ಹಿಂಡುತ್ತೇನೆ, ಮತ್ತೆ ನೀರಿಗೆ ಹಾಕುತ್ತೇನೆ. ಅದು ನನ್ನ ಮದುವೆಯ ಸೀರೆ. ಕೆಂಪು ಸೆರಗಿನದು, ನಿಮ್ಮ ಅಜ್ಜ ನೇಯ್ದದ್ದು. ಅದನ್ನು ಉಡುವಂತಿರಲಿಲ್ಲ, ಹರವುವಂತೆಯೂ ಇರಲಿಲ್ಲ. ಕೊನೆಗೆ ಕಾಶವ್ವ ಬಂದು ಅದರ ಒಂದು ತುದಿ ಹಿಡಿದು ಎಳೆಯಬೇಕು, ಇನ್ನೊಬ್ಬರು ನಡುವೆ ಹಿಡಿಯಬೇಕು, ಸೀರೆ ಪೂರ್ತಿ ಗಾಳಿಗೆ ನಿಲ್ಲಬೇಕು. ಅಷ್ಟೇ ನಾವು ಕಟ್ಟಿದ್ದು.

ನಡೆದದ್ದು ಅದಕ್ಕಿಂತ ಹೆಚ್ಚು. ಸೀರೆ ಎದ್ದ ಕೂಡಲೇ ಅಲ್ಲಿ ಒಗೆಯುತ್ತಿದ್ದ ಹೆಂಗಸರು, ಯಾರೂ ಕರೆಯದೆ, ಕೈ ಒರೆಸಿಕೊಂಡು ಬಂದು ಅಂಚು ಹಿಡಿದರು. ಒಬ್ಬಳು ತನ್ನ ಸೀರೆಯ ತುದಿಯನ್ನು ನನ್ನ ಸೀರೆಗೆ ಗಂಟು ಹಾಕಿದಳು. ಇನ್ನೊಬ್ಬಳು ಅವಳದಕ್ಕೆ. ಮೆಟ್ಟಿಲ ಉದ್ದಕ್ಕೂ ಬಣ್ಣ ಬಣ್ಣದ ಸೀರೆಗಳ ಸಾಲು ಎದ್ದು ನಿಂತಿತು. ಹಿಡಿದವರಲ್ಲಿ ಯಾರು ಆಟದವರು, ಯಾರು ಒಗೆಯುವವರು ಎಂದು ನನಗೇ ತಿಳಿಯಲಿಲ್ಲ. ನಾನು ಅಂದು ತಲೆ ಎತ್ತಿ ನೋಡಿದೆ. ನನ್ನ ಇಡೀ ಜೀವನದಲ್ಲಿ ಅಂಥದ್ದೊಂದು ಕಂಡಿಲ್ಲ, ಅದನ್ನು ಶುರು ಮಾಡಿದ ಕೈಗಳಲ್ಲಿ ನನ್ನದೂ ಒಂದು.

ಗುಹೆ ನೋಡಲು ಬಂದಿದ್ದ ಒಬ್ಬರು ಕ್ಯಾಮೆರಾ ಹಿಡಿದು ಕೆಳಗೆ ಬಂದರು. ಸಜ್ಜನರು. ನೀವು ಯಾವ ಸಂಸ್ಥೆಯವರು, ನಿಮ್ಮ ನಿರ್ದೇಶಕರು ಯಾರು ಎಂದು ಕೇಳಿದರು.

"ಒಗ್ಯಾಕ ಬಂದೇವ್ರಿ" ಎಂದಳು ಕಾಶವ್ವ.

ಅವರು ನಕ್ಕು, ದೊಡ್ಡ ಊರಿನ ಸಭಾಗೃಹದಲ್ಲಿ ಇದನ್ನು ಮಾಡಿ, ಬೆಳಕು, ರಂಗ, ಎಲ್ಲ ಏರ್ಪಾಡು ಮಾಡಿಸುತ್ತೇನೆ ಎಂದರು. ಕಾಶವ್ವ ಕೈ ಮುಗಿದು ಒಲ್ಲೆ ಎಂದಳು. ಹಿಂದಿರುಗುವ ಬಸ್ಸಿನಲ್ಲಿ ಹುಸೇನಬಿಗೆ ಸಿಟ್ಟು.

"ಲೈಟಿನ ಬೆಳಕಿನ್ಯಾಗ ಒಂದ ಸಲ ನಿಂತಿದ್ರ ನಿನ್ನ ಗಂಟೇನು ಹೋಗತಿತ್ತು?"

"ನಾ ನಿಂತೇನಿ, ನೋಡೇನಿ" ಎಂದಳು ಕಾಶವ್ವ. "ಬೆಳಕಿನ್ಯಾಗ ನಿಂತ್ರ ಕುಂತವರ ಮಾರಿ ಕಾಣೂದಿಲ್ಲ ಹುಸೇನಬಿ. ಬರೇ ಕತ್ತಲಿ. ಇಂದು ಆ ಒಗಿಯೋಕಿ ಬಂದು ಗಂಟು ಹಾಕಿದ್ಳಲ್ಲ, ಆಕಿನ್ನ ಅಲ್ಲಿ ಒಳಗ ಬಿಡತಿದ್ರೇನು?"

ಹುಸೇನಬಿ ಕಿಟಕಿಯ ಕಡೆ ತಿರುಗಿ ಕುಳಿತಳು. ಇಳಕಲ್ಲು ಬರುವವರೆಗೆ ಮಾತಾಡಲಿಲ್ಲ. ಅದೂ ಒಂದು ದಾಖಲೆಯೇ.

ಆ ಸಜ್ಜನರು ತೆಗೆದ ಫೋಟೋ ಕೆಲವು ದಿನಗಳ ಮೇಲೆ ಪತ್ರಿಕೆಯೊಂದರಲ್ಲಿ ಬಂತು. ಅವರು ಒಳ್ಳೆಯದೇ ಬಯಸಿದ್ದರು. ಶಿವಪ್ಪ ಚಹಾದಂಗಡಿಯಲ್ಲಿ ಅದನ್ನು ನೋಡಿ, ಅತ್ತಿಗೆಯ ಗುರುತು ಹಿಡಿದು, ಪತ್ರಿಕೆ ಮಡಚಿಕೊಂಡು ಮನೆಗೆ ಬಂದು ಅತ್ತೆಯ ಮುಂದೆ ಇಟ್ಟ.

"ವೈನೀದು ಫೋಟೋ ಬಂದೈತಿ."

ಅತ್ತೆಗೆ ಓದಲು ಬರುತ್ತಿರಲಿಲ್ಲ. ಮುಖ ಗುರುತಿಸಲು ಓದು ಬೇಕಿಲ್ಲ. ಬಹಳ ಹೊತ್ತು ನೋಡಿ ಅವರು ಕೇಳಿದ್ದು ಒಂದೇ:

"ತಲಿ ಮ್ಯಾಲ ಸೆರಗು ಎಲ್ಲಿ?"

ಸೀರೆ ಗಾಳಿಗೆ ಎದ್ದಾಗ ನನ್ನ ಸೆರಗು ಜಾರಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ನನ್ನ ಸೊಸಿ ಮಾರಿ ನೋಡಕೋಂತ ಊರ ಮಂದಿ ಚಹಾ ಕುಡ್ಯಾಕತ್ತಾರ. ಇನ್ನ ಈ ಹುಡುಗಗ ಹೆಣ್ಣು ಯಾರು ಕೊಡ್ತಾರ?" ಎಂದು ಶಿವಪ್ಪನ ಕಡೆ ಕೈ ಮಾಡಿದರು. ಶಿವಪ್ಪ ಪಾಪ, "ಕೊಟ್ರ ಕೊಡ್ತಾರ, ಬಿಡಬೇ" ಎಂದು ಮಗ್ಗಕ್ಕೆ ಇಳಿದ.

ಮರುದಿನ ಓಣಿಯ ಹಿರಿಯರು ಸೇರಿದರು. ಸೊಸೆಯಂದಿರನ್ನು ಬೈದರೆ ಅವರವರ ಮನೆಯ ಮರ್ಯಾದೆ ಹೋಗುತ್ತದೆ. ಚನ್ನಪ್ಪ ಸುಲಭದ ದಾರಿ ಕಂಡುಕೊಂಡ. "ಹುಡಿಗ್ಯಾರ ತಪ್ಪಲ್ಲ ಇದು. ಹಚ್ಚಿಕೊಟ್ಟಾಕಿದು. ಅಮಾಸಿ ಒಳಗ ಕೋಲಿ ಬಿಡಬೇಕು." ಹೇಳಲು ಬಂದವರಿಗೆ ಕಾಶವ್ವ, "ಆತ್ರಿ" ಎಂದಳಂತೆ. ವಾದ ಮಾಡಲಿಲ್ಲ. ನಾವು ಹೋದಾಗ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ಎಲ್ಲಿಗೆ ಹೋಗ್ತಿ ಕಾಶಕ್ಕ?"

"ಹುನಗುಂದದ ಬಸ್‌ಸ್ಟ್ಯಾಂಡಿನ್ಯಾಗ ಕುಂದರತೇನಿ. ಪಾರ್ಟು ಬಾಯಿಪಾಠ ಐತಿ."

ಹುಸೇನಬಿ ಚನ್ನಪ್ಪನ ಮನೆಯ ಮುಂದೆ ನಿಂತು ಬಾಯಿ ಮಾಡುತ್ತೇನೆಂದು ಎದ್ದಳು. ಕಾಶವ್ವ ಸೆರಗು ಹಿಡಿದು ಕೂರಿಸಿದಳು. ಬಾಯಿ ಮಾಡಿದರೆ, ಹೆಂಗಸರನ್ನು ಹಚ್ಚಿಕೊಡುತ್ತಾಳೆ ಎಂದು ಅವರು ಹೇಳಿದ್ದೇ ನಿಜವಾಗುತ್ತಿತ್ತು.

ಆ ಮಧ್ಯಾಹ್ನ ಅಡಿಗೆಮನೆಯಲ್ಲಿ ಅತ್ತೆ ನನ್ನೆದುರು ಬಂದು ಕುಳಿತರು. "ಏನ್ ಮಾಡ್ತೀರಿ ನೀವು ಅಲ್ಲಿ? ಮಾಡಿ ತೋರ್ಸು."

ಮಂದಿಯ ಮುಂದೆ ಎಷ್ಟೋ ಸಲ ಆಡಿದ್ದೆ, ಅವರ ಮುಂದೆ ಎಂದೂ ಇಲ್ಲ. ಬರಿಗೈಯಲ್ಲಿ ರೊಟ್ಟಿ ಬಡಿದೆ, ಒಬ್ಬೊಬ್ಬರಿಗೆ ಬಡಿಸಿದೆ, ಕಡೆಯದನ್ನು ಬಾಗಿಲಿಗೆ ಬಂದ ನೆಂಟರಿಗೆ ಕೊಟ್ಟೆ, ಬುಟ್ಟಿ ಜಾಡಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಕಡೀ ರೊಟ್ಟಿ ಹಂಗ ಬಡಿಯೂದಿಲ್ಲ" ಎಂದರು. "ಹಿಟ್ಟು ಕಡಿಮಿ ಇರತೈತಿ. ಕೈ ಹಗುರ ಬರಬೇಕು, ಅಂಚು ಹರಿಯದಂಗ ಸಣ್ಣಗ ತಿರುವಬೇಕು. ಹೊಟ್ಟಿ ತುಂಬಿದಾಕಿ ಬಡದಂಗ ಬಡದಿ ನೀ." ಎದ್ದು ಹೋದರು. ಬೈದರೋ ಕಲಿಸಿದರೋ ತಿಳಿಯಲಿಲ್ಲ. ಆದರೆ ಆಮೇಲೆ ನಾನು ಕಡೆಯ ರೊಟ್ಟಿಯನ್ನು ಅವರು ಹೇಳಿದಂತೆಯೇ ಬಡಿದಿದ್ದೇನೆ.

ಅಮಾವಾಸ್ಯೆಯ ಹಿಂದಿನ ದಿನ ನಾವೆಲ್ಲ ನೀರಿಗೆ ಹೋಗಿ ಕೊಡ ತುಂಬುತ್ತಿದ್ದೆವು. ಆಗ ನನ್ನ ಬಾಯಿಂದ ಬಂತು:

"ಕಂಡಿಕಿ ಸುತ್ತೂದು ಬಿಟ್ರ?"

"ಏನಂದಿ?" ಎಂದಳು ಹುಸೇನಬಿ.

"ಮಗ್ಗ ನಿಲ್ತಾವ."

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ಬೆಳಗಿನಿಂದ ಮಗ್ಗದ ಸದ್ದು ಎಡೆಬಿಡದೆ ಇರುತ್ತಿತ್ತು. ಹಗಲು ಹೊತ್ತಿನಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಒಂದೇ ಕಾರಣಕ್ಕೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಯಾರೂ ಲಾಳಿ ಮುಟ್ಟುತ್ತಿರಲಿಲ್ಲ. ಸದ್ದು ನಿಂತಿತೆಂದರೆ ಬೇರೆ ಓಣಿಯವರು ಹೇಳಿಕಳಿಸದೆಯೇ ಬರುತ್ತಿದ್ದರು. ಹ್ಯಾಗೂ ಒಬ್ಬಳನ್ನು ಓಣಿಯಿಂದ ಕಳಿಸುತ್ತಿದ್ದೇವಲ್ಲ, ಕಳಿಸುವ ರೀತಿಯಲ್ಲೇ ಕಳಿಸೋಣ ಎಂದು ನಾನು ಹೇಳಿದೆ. ಇಷ್ಟು ಉದ್ದ ಮಾತು ನಾನು ಅದುವರೆಗೆ ಆಡಿರಲಿಲ್ಲ.

ಕಾಶವ್ವನಿಗೆ ತಿಳಿಸಿದಾಗ ಅವಳು ನನ್ನನ್ನೇ ನೋಡಿದಳು. "ಈ ಆಟ ನಿಂದು ಶಾಂತವ್ವ. ಇದರಾಗ ನನಗೊಂದು ಪಾರ್ಟು ಕೊಡು" ಎಂದಳು. ನನ್ನ ಕೆಲಸದಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ, ಅದಕ್ಕಿಂತ ದೊಡ್ಡದು ನನಗೆ ಬೇಕಾಗಿಯೂ ಇರಲಿಲ್ಲ. ಅವಳಿಗೆ ಹೊಸ್ತಿಲಲ್ಲಿ ಕೂರುವ ಪಾರ್ಟು ಕೊಟ್ಟೆ. ಮನೆಮನೆಗೆ ಹೆಂಗಸರ ಬಾಯಿಂದ ಬಾಯಿಗೆ ಮಾತು ಹೋಯಿತು. ಹೊಟ್ಟೆನೋವು, ತಲೆನೋವು ಎಂದು ನೆಪ ಹೇಳಬಾರದು. ರಾಟೆ ಬಿಟ್ಟು ಸುಮ್ಮನೆ ಎದ್ದು ಬರಬೇಕು. ಎಷ್ಟು ಮಂದಿ ಬರುತ್ತಾರೋ ಗೊತ್ತಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಗ್ಗಗಳು ಎಂದಿನಂತೆ ಶುರುವಾದವು. ಹಿಂದಿನ ದಿನ ಸುತ್ತಿದ ಕಂಡಿಕೆಗಳಿದ್ದವು. ನಾನು ರಾಟೆ ಮುಟ್ಟದೆ ಎದ್ದು, ಕಾಶವ್ವನ ಬಾಗಿಲ ಮುಂದೆ ಗೋಡೆಗೆ ಒರಗಿ, ಸಾವಿನ ಮನೆಯಲ್ಲಿ ಕೂರುವಂತೆ ಮೊಣಕಾಲು ಮಡಿಸಿ, ಸೆರಗು ಹೊದ್ದು ಕುಳಿತೆ. ಕಾಶವ್ವ ಹೊಸ್ತಿಲಲ್ಲಿ, ಪಕ್ಕದಲ್ಲಿ ಟ್ರಂಕು. ಹುಸೇನಬಿ ಬಂದಳು. ಆಮೇಲೆ ನಮ್ಮ ಆಟದ ಆ ಇನ್ನಿಬ್ಬರು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ, ತಲೆ ಬಗ್ಗಿಸಿದ್ದೆನಲ್ಲ, ಪಾದಗಳು ಮಾತ್ರ ಕಾಣುತ್ತಿದ್ದವು. ಬಿಸಿಲೇರುತ್ತಿದ್ದಂತೆ ಓಣಿಯ ಮೇಲಿನ ತುದಿಯಲ್ಲಿ ಒಂದು ಮಗ್ಗ ನಿಂತಿತು. ನಂತರ ಅದರ ಪಕ್ಕದ್ದು. ಸದ್ದು ತೆಳುವಾಗುತ್ತ ಬಂತು. ಚನ್ನಪ್ಪನದೂ ನಿಂತಿತು.

ಒಂದು ಮಗ್ಗ ಮಾತ್ರ ನಿಲ್ಲಲಿಲ್ಲ. ಅದು ನಮ್ಮ ಮನೆಯದು. ಅತ್ತೆಯ ರಾಟೆಯ ಕಿರ್ರೆನ್ನುವ ಸದ್ದು ನನಗೆ ಚೆನ್ನಾಗಿ ಗೊತ್ತು. ಅವರು ಸುತ್ತುತ್ತಿದ್ದರು, ಶಿವಪ್ಪ ನೇಯುತ್ತಿದ್ದ. ಒಂದು ಮಗ್ಗ ಆಡುತ್ತಿದ್ದರೂ ಅದು ಸಾವಲ್ಲ. ಅದು ಬರೀ ಕೆಲಸಗಳ್ಳ ಹೆಂಗಸರ ಗುಂಪು, ಅಷ್ಟೇ. ಹೋಗಿ ಅತ್ತೆಯನ್ನು ಕರೆ ಎಂಬಂತೆ ಹುಸೇನಬಿ ಮೊಣಕೈಯಿಂದ ತಿವಿದಳು. ನಾನು ಏಳಲಿಲ್ಲ.

ರಾಟೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಗ್ಗವೂ.

ಹಗಲಿನಲ್ಲಿ ಆ ಓಣಿಯ ಮೌನ ಎಂಥದೆಂದು ಬರೆಯಲು ನನಗೆ ಬರುವುದಿಲ್ಲ. ಸೆರಗಿನ ಸಂದಿನಿಂದ ಕಂಡೆ, ಚನ್ನಪ್ಪ ಹೊರಗೆ ಬಂದ. ಅವನ ಹಿಂದೆ ಉಳಿದ ಗಂಡಸರು. ನಮ್ಮಲ್ಲಿ ಬೇರೆ ಮನೆಯ ಸೊಸೆಯ ಜೊತೆ ಹಿರಿಯ ಗಂಡಸು ನೇರವಾಗಿ ಮಾತಾಡುವಂತಿರಲಿಲ್ಲ, ಅವಳ ಅತ್ತೆಯ ಮೂಲಕ ಕೇಳಬೇಕು. ನಮ್ಮ ಕಟ್ಟೆಯ ಮೇಲೆ ಬಂದು ನಿಂತಿದ್ದ ಅತ್ತೆಯ ಕಡೆ ಅವನು ತಿರುಗಿದ.

"ಬಸಲಿಂಗವ್ವ, ನಿನ್ನ ಸೊಸಿನ್ನ ಕೇಳು. ಯಾರು ಸತ್ತಾರಂತ ಕುಂತಾರ ಇವರು?"

ಅತ್ತೆ ನನ್ನನ್ನು ಕೇಳಲಿಲ್ಲ. "ನಿನ್ನ ಮಗ್ಗ ಯಾಕ ನಿಂತೈತಿ ಚನ್ನಪ್ಪಣ್ಣ?" ಎಂದರು.

"ಕಂಡಿಕಿ ಇಲ್ಲ."

"ಹಂಗಾದ್ರ ಸುತ್ತೋರನ್ನ ಕೇಳು. ಎಲ್ಲಾರೂ ಇಲ್ಲೇ ಅದಾರ."

ಅತ್ತೆಯ ಪಾದಗಳು ನನ್ನೆದುರು ಬಂದು ನಿಂತವು. "ಸರಿ ಅತ್ಲಾಗ" ಎಂದು ನನ್ನನ್ನು ಸರಿಸಿ, ಗೋಡೆಗೆ ಒರಗಿ, ಸೆರಗು ಹೊದ್ದು ಕುಳಿತರು.

ಅಷ್ಟರಲ್ಲಿ ಬೇರೆ ಓಣಿಯ ಗಂಡಸೊಬ್ಬ ಏದುಸಿರು ಬಿಡುತ್ತ ಬಂದ. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಅವನ ಹಿಂದೆ ಇನ್ನೂ ಕೆಲವರು. "ಯಾರು ಹ್ವಾದ್ರಬೇ ಎವ್ವಾ?" ಎಂದು ಅತ್ತೆಯನ್ನು ಕೇಳಿದ.

"ಯಾರೂ ಹೋಗಿಲ್ಲ" ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ಯಾರೂ ಹೋಗೂದಿಲ್ಲ. ಆಟ ನಡದೈತಿ. ಚಪ್ಪಲಿ ಬಿಟ್ಟು ಅಲ್ಲಿ ಕುಂದರು."

ಅವನು ಚನ್ನಪ್ಪನ ಮುಖ ನೋಡಿದ, ನಮ್ಮನ್ನು ನೋಡಿದ, ಎದುರಿನ ಕಟ್ಟೆಯ ಮೇಲೆ ಕುಳಿತ. ಬಂದವರು, ಆಮೇಲೆ ನಮ್ಮ ಓಣಿಯ ಗಂಡಸರೂ, ಒಬ್ಬೊಬ್ಬರಾಗಿ ಅವನ ಪಕ್ಕ ಕುಳಿತರು. ನಿಂತಿದ್ದವನು ಚನ್ನಪ್ಪ ಒಬ್ಬನೇ. ಆಮೇಲೆ ಯಾರಿಗೂ ಹೇಳದಂತೆ, ಗೋಡೆಗೆ ಹೇಳಿದಂತೆ ಹೇಳಿದ:

"ಟ್ರಂಕು ಬಿಸಲಾಗ ಕಾಯಾಕತ್ತೈತಿ. ಒಳಗ ಇಡ್ರಿ ಅದನ್ನ."

ಶಿವಪ್ಪ ಬಂದು ಟ್ರಂಕನ್ನು ಎತ್ತಿ ಕಾಶವ್ವನ ಕೋಣೆಯೊಳಗೆ ಇಟ್ಟ. ಕಾಶವ್ವ ಅಲುಗಲಿಲ್ಲ, ಪಾರ್ಟು ಮುಗಿದಿರಲಿಲ್ಲ. ಅವಳ ಕೆನ್ನೆ ಮಾತ್ರ ಒದ್ದೆಯಾಗಿತ್ತೆಂದು ಹುಸೇನಬಿ ಆಮೇಲೆ ಹೇಳಿದಳು. ನಾನು ನೋಡಲಿಲ್ಲ.

ಅತ್ತೆ ನನ್ನ ಕಡೆಗೆ ಬಾಗಿ ಸಣ್ಣಗೆ ಕೇಳಿದರು, "ಯಾವಾಗ ಮುಗೀತೈತಿ ಇದು?"

"ನೀವು ಎದ್ದಾಗ್ರಿ, ಅತ್ತಿ."

ಅವರು ಎದುರಿಗೆ ಸಾಲಾಗಿ ಕುಳಿತ ಗಂಡಸರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಹಂಗಾದ್ರ ಇನ್ನೊಂದೀಟು ಕುಂದರೂಣು" ಎಂದರು.